ಫಕೀರವ್ವನ ಕೊಬ್ಬು, ಮುದಕಪ್ಪನ ಬುದ್ಧಿ

ಒಬ್ಬ ತಾಯಿ, ಫಕೀರವ್ವ. ಬಸ್ ನಿಲ್ದಾಣದ ಮುಂದೆ ಮಿರ್ಚಿ ಬಜಿ ಕರಿಯುವವಳು. ಅವಳಿಗೆ ಒಬ್ಬನೇ ಮಗ, ಮುದಕಪ್ಪ. ಮಗ ಅನ್ನಬೇಕಷ್ಟೆ. ತಲೆ ಇರಬೇಕಾದ ಕಡೆ ಒಣ ಸೋರೆಕಾಯಿ ಇತ್ತು.

ಫಕೀರವ್ವನಿಗೆ ಎದೆ ಹಿಡಿಯಿತು. ಮಗನನ್ನು ಕರೆದುಕೊಂಡು ಪೇಟೆಗೆ ಹೋದಳು. ಡಾಕ್ಟರು ರಕ್ತ ನೋಡಿದರು.

"ಕೊಲೆಸ್ಟ್ರಾಲ್ ಏರೇತಿ ಯವ್ವಾ. ರಕ್ತದಾಗ ಬರೇ ಕೊಬ್ಬು. ಏನ ತಿಂತಿ?"

"ಬಜಿ ರೀ. ಉಳದದ್ದು."

"ಎಣ್ಣಿ?"

"ನಿನ್ನೀದು, ಮೊನ್ನೀದು. ಚೆಲ್ಲಾಕ ಮನಸು ಬರಂಗಿಲ್ಲ."

"ನಡ್ಯೋದು?"

"ಎಲ್ಲಿ ನಡೀಲ್ರಿ, ಒಲಿ ಮುಂದ ಕುಂತಿರತೀನಿ."

"ಮತ್ತೇನು! ಹಿಂಗಾದ್ರ ಎದಿ ನಿಂತ ಹೋಗತೈತಿ. ಗುಳಗಿ ತಗೋ. ಒಮ್ಮೆ ಕರದ ಎಣ್ಣಿ ಚೆಲ್ಲಿಬಿಡು. ತಿಂಗಳಿಗೆ ಬಾ, ಮತ್ತ ರಕ್ತ ನೋಡೂಣು."

ಮರುದಿನ ಮುದಕಪ್ಪ ಒಲೆಗೆ ಕೂತ. ಒಂದು ಮಿರ್ಚಿ ಬಿಟ್ಟ. ತೆಗೆದ. ಬಾಂಡಲಿ ಎಣ್ಣೆ ಚರಂಡಿಗೆ ಚೆಲ್ಲಿದ. ಮತ್ತೆ ಎಣ್ಣೆ ಸುರಿದ. ಒಂದು ಮಿರ್ಚಿ ಬಿಟ್ಟ. ತೆಗೆದ. ಚೆಲ್ಲಿದ. ಐದು ಮಿರ್ಚಿಗೆ ಡಬ್ಬಿ ಖಾಲಿ!

"ಎಲಾ ಕ್ವಾಣಾ! ಎಣ್ಣೀ ಗೊಡವಿ ನಿನಗ ಬ್ಯಾಡ. ನಾ ಬಜಿಗೆ ಕೈ ಹಚ್ಚಿದ್ರ ಕೈಮ್ಯಾಲ ಒಂದು ಹಾಕು. ಅಷ್ಟ ಮಾಡು!"

"ಹೂನವ್ವಾ."

ಸಂಜೆ ಶಾಲೆಯ ಮಾಸ್ತರರು ಬಜಿ ಕೇಳಿದರು. ಕೊಡಲು ಫಕೀರವ್ವ ಕೈ ಹಚ್ಚಿದಳು. ಫಟ್! ಮುದಕಪ್ಪ ಬಜಿ ತೆಗೆಯುವ ಝಾರಿಯಿಂದಲೇ ಹಾಕಿದ. ಬಿಸಿ ಬಜಿ ಹಾರಿ ಮಾಸ್ತರರ ಬಿಳಿ ಧೋತರದ ಮೇಲೆ ಬಿತ್ತು.

"ಸುಟ್ನಲ್ಲೋ ಹಡಸಿಮಗ!" ಮಾಸ್ತರರು ಕುಣಿದರು.

"ಮಂದಿಗೆ ಕೊಡೋ ಕೈಗೆ ಹೊಡೀತಾರೇನಲೇ ಖೋಡಿ! ಹೊಡ್ಯೋದು ಬಿಡು. ನಾ ಕುಂತ್ರ ಎಬ್ಬಸು, ನಡಸು. ಅಷ್ಟ!"

"ಹೂನವ್ವಾ."

ತಿಂಗಳಾಯಿತು. ಪೇಟೆಗೆ ಬಸ್ ಹತ್ತಿದರು. ಫಕೀರವ್ವ ಸೀಟು ಹಿಡಿದು ಕೂತಳು.

"ಏಳವ್ವಾ! ನಡಿ!"

"ಬಸ್ಸಿನ್ಯಾಗೇನಲೇ?"

"ಕುಂತೀಯಲ್ಲ! ನಡಿ!"

ರೆಟ್ಟೆ ಹಿಡಿದು ಇಳಿಸಿದ. ಬಸ್ ಹೋಯಿತು. ಪೇಟೆಯ ತನಕ ಒಂದು ಹರದಾರಿ ನಡೆಸಿದ. ಕಲ್ಲಿನ ಮೇಲೆ ಕೂತರೆ ಅಲ್ಲಿಂದಲೂ ಎಬ್ಬಿಸಿದ.

ಆಸ್ಪತ್ರೆಯ ಬೆಂಚಿಗೆ ಫಕೀರವ್ವ ಮೂಟೆಯಂತೆ ಬಿದ್ದಳು.

"ಬೆಂಕಿ ಬೀಳಲಿ ನಿನ್ನ ಬುದ್ಧಿಗೆ! ನನ್ನ ಕೈಲಿ ಆಗದಿದ್ದಾಗ ನೀ ನಿಂತು ಮಾಡಬೇಕಲೇ! ಮತ್ಯಾಕ ಹಡದೀನಿ ನಿನ್ನ?"

"ಹೂನವ್ವಾ."

ಅವಳು ಅಲ್ಲೇ ನಿದ್ದೆ ಹೋದಳು. ಒಳಗಿನಿಂದ ಕೂಗು ಬಂತು.

"ಫಕೀರವ್ವ! ರಕ್ತ ತಗಿಬೇಕು, ಬರ್ರಿ!"

ಮುದಕಪ್ಪ ಹೋದ. ಅವ್ವನ ಚೀಟಿ ಕೊಟ್ಟ. ತನ್ನ ತೋಳು ಚಾಚಿದ. ನರ್ಸಮ್ಮ ಚೀಟಿ ನೋಡಿದಳು, ಮುಖ ನೋಡಲಿಲ್ಲ. ಸೂಜಿ ಹಾಕಿದಳು.

ಸಂಜೆ ರಕ್ತದ ವರದಿ ನೋಡಿ ಡಾಕ್ಟರು ಹಿಗ್ಗಿದರು.

"ಶಾಬಾಸ್ ಯವ್ವಾ! ಕೊಬ್ಬು ಇಳದೈತಿ. ಗುಳಗಿ ಮಾತ್ರ ಬಿಡಬ್ಯಾಡ."

ಫಕೀರವ್ವನಿಗೆ ಇಳಿದದ್ದು ಕೇಳಿಸಿತು. ಬಿಡಬೇಡ ಅಂದದ್ದು ಕೇಳಿಸಲಿಲ್ಲ.

"ನನ್ನ ಮಗ ಶಾಣ್ಯಾ! ನಡಸಿ ಕೊಬ್ಬು ಇಳಸಿದ, ನಿದ್ದಿ ಕೆಡಸದ ರಕ್ತ ಕೊಡಸಿದ!" ಅಂದಳು. ಅವನು ಹುಟ್ಟಿದ ಮೇಲೆ ಇದೇ ಮೊದಲು.

ಮನೆಗೆ ಬಂದು ಗುಳಿಗೆಯನ್ನು ಒಲೆಗೆ ಎಸೆದಳು. ಹಳೆಯ ಎಣ್ಣೆ ಕಾಯಿಸಿದಳು. ಎಂಟು ಬಜಿ ತಿಂದಳು. ಶಾಣ್ಯಾ ಮಗ ಚಟ್ನಿ ಬಡಿಸಿದ. ದಿನಾ ಹೀಗೇ.

ಒಂದು ಮಧ್ಯಾಹ್ನ ಎದೆ ಒತ್ತಿಕೊಂಡು ಒಲೆಯ ಮುಂದೆ ಬಿದ್ದಳು.

"ದವಾಖಾನಿ, ಮಗಾ... ನನ್ನ ಕೈಲಿ ಆಗವಲ್ದು..."

ಮುದಕಪ್ಪ ಓಡಿದ. ಒಬ್ಬನೇ ಓಡಿದ. ಆಸ್ಪತ್ರೆಯ ಮಂಚದ ಮೇಲೆ ಅಂಗಾತ ಮಲಗಿದ. ಡಾಕ್ಟರು ಧಾವಿಸಿ ಬಂದರು.

"ಎಲ್ಲಿ ನೋವು?"

"ಎದ್ಯಾಗ್ರಿ. ನನಗಲ್ಲ, ಅವ್ವಗ."

"ಆಕಿ ಎಲ್ಲಿ?"

"ಮನ್ಯಾಗ್ರಿ, ಒಲಿ ಮುಂದ. ಆಕಿ ಕೈಲಿ ಆಗವಲ್ದು, ಅದಕ್ಕ ನಾ ಬಂದೀನಿ. ಸೂಜಿ ಹಾಕ್ರಿ. ಲಗೂನ ಹಾಕ್ರಿ, ಆಕಿ ಬಾಳ ನರಳಾಕತ್ತಾಳ!"