ಕಹಳೆಗೆ ಹೆದರಿದ ಕೋಳಿ

"ಬಿಸಿಲಿರಲಿ, ಮಳೆಯಿರಲಿ, ನನ್ನ ಚುಕ್ಕಿ ದಿನಕ್ಕೊಂದು ಮೊಟ್ಟೆ ಇಟ್ಟೇ ಇಡುತ್ತಾಳೆ!" ಎಂದು ಕುಂಬಳದುರ್ಗದ ದೊರೆ ಗಿರಿಯಪ್ಪ ನಾಯಕರು ತುಂಬಿದ ಸಭೆಯಲ್ಲಿ ಮೀಸೆ ತಿರುವಿದರು. ಮರುದಿನವೇ ಅರಮನೆಯ ಹಿತ್ತಲಿಗೆ ಕಾಡುಬೆಕ್ಕು ನುಗ್ಗಬೇಕೆ!

ಪುಣ್ಯಕ್ಕೆ ಕೋಳಿಯ ಜೀವ ಉಳಿಯಿತು. ಆದರೆ ಬೆನ್ನಿನ ಪುಕ್ಕ ಅರ್ಧ ಮಾಯ, ಹಲ್ಲು ನಾಟಿದ ಗಾಯ ಬೇರೆ. ಕೋಳಿ ನೋಡಿಕೊಳ್ಳುವ ಸಣ್ಣೀರಮ್ಮ ಗಾಯ ತೊಳೆದು ಅರಿಶಿನ ಮೆತ್ತಿದಳು. ಉಳಿದ ಕೋಳಿಗಳು ಕುಕ್ಕದಿರಲಿ ಎಂದು ಚುಕ್ಕಿಯನ್ನು ಕತ್ತಲೆ ಮೂಲೆಯಲ್ಲಿ ಅಡ್ಡಲಾಗಿಟ್ಟ ಮಂಕರಿ ಬುಟ್ಟಿಯೊಳಗೆ ಬಿಟ್ಟಳು.

ದೊರೆ ಮಾತ್ರ ಗುಡುಗಿದರು: "ಎಂಟು ದಿನದೊಳಗೆ ಚುಕ್ಕಿ ಮೊಟ್ಟೆ ಇಡಬೇಕು. ಇಡದಿದ್ದರೆ ಸಣ್ಣೀರಮ್ಮ ಹಿತ್ತಲ ಮನೆ ಬಿಟ್ಟು ಹೋಗಬೇಕು!"

ಮದುವೆಯಾಗಿ ಬಂದಾಗಿನಿಂದ ಅವಳಿದ್ದದ್ದು ಆ ಮನೆಯಲ್ಲೇ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಆಸ್ಥಾನದ ವಿದೂಷಕ ಹೊಂಬಾಳಯ್ಯನ ಹತ್ತಿರ ಓಡಿದಳು.

"ಗಾಯ ಮಾಯ್ತಿದೆ ಸ್ವಾಮಿ, ಆದರೆ ಕೋಳಿ ಒಂದು ಕಾಳೂ ಮುಟ್ಟುತ್ತಿಲ್ಲ."

"ಯಾಕಮ್ಮ?"

"ನೀವೇ ಬಂದು ನೋಡಿ."

ಹೊಂಬಾಳಯ್ಯ ಹೋಗಿ ಕೂತ. ಚುಕ್ಕಿ ಅಳುಕುತ್ತ ಅಳುಕುತ್ತ ಹೊರಗೆ ಬಂದು ರಾಗಿಕಾಳಿಗೆ ಕೊಕ್ಕು ಹಾಕಿತೋ ಇಲ್ಲವೋ, "ಪೋಂ!" ಎಂದು ಕಹಳೆ ಮೊಳಗಿತು. ನಗಾರಿ ಢಮಢಮ ಎಂದಿತು. "ಗಂಡರ ಗಂಡ, ವೈರಿಗಳಿಗೆ ಪ್ರಚಂಡ..." ಎಂದು ಹೊಗಳುಭಟರು ಕಿರುಚಿದರು. ಕೋಳಿಯ ಯೋಗಕ್ಷೇಮ ವಿಚಾರಿಸಲು ದೊರೆಗಳು ಬಂದಿದ್ದರು. ಚುಕ್ಕಿ ಒಂದು ಮಾರು ಹಾರಿ ಮಂಕರಿಯೊಳಗೆ ಬಿದ್ದು ಗಡಗಡ ನಡುಗಿತು.

ಇದು ದಿನಕ್ಕೆ ಆರು ಸಲ! ದೊರೆ ಹೊಸಿಲು ದಾಟಿದರೆ ಕಹಳೆ ಊದಲೇಬೇಕು, ಅದು ತಾತನ ಕಾಲದ ಪದ್ಧತಿ. ಬೇಡ ಎಂದಿದ್ದ ಹಳೆಯ ಮಂತ್ರಿ ಇನ್ನೂ ಆನೆಗೆ ಹುಲ್ಲು ಕೊಯ್ಯುತ್ತಿದ್ದ.

ಹೊಂಬಾಳಯ್ಯ ತಲೆ ಕೆರೆದುಕೊಂಡ. ಹುಲ್ಲು ಕೊಯ್ಯುವ ಆಸೆ ಅವನಿಗೂ ಇರಲಿಲ್ಲ. ನೆಟ್ಟಗೆ ದೊರೆಯ ಮುಂದೆ ಹೋಗಿ ಕೈಮುಗಿದ.

"ಪ್ರಭೂ, ನನಗೆ ಹೊಟ್ಟೆ ಉರಿಯುತ್ತಿದೆ. ಕೋಳಿ ನೋಡಲು ಹೋದರೆ ಕಹಳೆ, ನಗಾರಿ. ತಾವು ಊಟಕ್ಕೆ ಕೂತಾಗ ಮಾತ್ರ ಬರೀ ತಟ್ಟೆಯ ಸದ್ದು! ನಾಡಿನ ಜನ ಏನಂದುಕೊಂಡಾರು?"

ದೊರೆ ಹುಬ್ಬೇರಿಸಿದರು. "ಅರೆರೆ, ಹೌದಲ್ಲವೋ! ಇವತ್ತಿನಿಂದಲೇ ಆಗಲಿ. ತುತ್ತಿಗೊಂದು ಕಹಳೆ!"

ಮಧ್ಯಾಹ್ನ ಬಿಸಿಬಿಸಿ ಮುದ್ದೆ, ಹುರುಳಿ ಸಾರು. ದೊರೆ ಮೊದಲ ತುತ್ತನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು.

"ಪೋಂ!"

ತುತ್ತು ಗಂಟಲಲ್ಲೇ ನಿಂತಿತು. ನೀರು ಕುಡಿದು ಎರಡನೆಯದನ್ನು ಎತ್ತಿದರು. "ಢಮ್!" ಸಾರು ಮೀಸೆಗೆ. ಮೂರನೆಯದಕ್ಕೆ ಹೊಗಳುಭಟರು "ಗಂಡರ ಗಂಡ!" ಎಂದು ಕಿವಿಯ ಹತ್ತಿರವೇ ಅರಚಿದರು. ಮುದ್ದೆ ಕೈಜಾರಿ ರೇಷ್ಮೆ ಪಂಚೆಯ ಮೇಲೆ ಬಿತ್ತು.

"ನಿಲ್ಲಿಸ್ರೋ ಮುಂಡೇವಾ!" ದೊರೆ ಎದ್ದುನಿಂತು ಕೂಗಿದರು. "ಈ ಗಲಾಟೆಯಲ್ಲಿ ಒಂದು ತುತ್ತಾದರೂ ಇಳಿಯುತ್ತೇನೋ ಹೊಂಬಾಳಯ್ಯ?"

ಹೊಂಬಾಳಯ್ಯ ತಲೆ ತಗ್ಗಿಸಿ ಹೇಳಿದ: "ಅಯ್ಯೋ ಪ್ರಭೂ! ಕಾಡುಬೆಕ್ಕು ತಮ್ಮನ್ನು ಕಚ್ಚಿಲ್ಲ, ಬೆನ್ನಿನ ಪುಕ್ಕವೂ ಹೋಗಿಲ್ಲ. ಅಂಥ ತಮಗೇ ಈ ಗಲಾಟೆಯಲ್ಲಿ ಒಂದು ತುತ್ತು ಒಳಗೆ ಇಳಿಸಲು ಆಗುತ್ತಿಲ್ಲ. ಪಾಪ, ಚುಕ್ಕಿ ಇದೇ ಗಲಾಟೆಯಲ್ಲಿ ಮೊಟ್ಟೆ ಹೊರಗೆ ಹಾಕಬೇಕಲ್ಲ!"

ದೊರೆ ಮೀಸೆಯ ಸಾರು ಚಿಮ್ಮುವಂತೆ ನಕ್ಕರು. "ಎಂಟು ದಿನದ ಮಾತು ಇಲ್ಲಿಗೆ ಬಿಟ್ಟೆ. ಮನೆ ಸಣ್ಣೀರಮ್ಮನದೇ. ಹಿತ್ತಲ ಕಡೆ ಯಾರು ಕೆಮ್ಮಿದರೂ ಆನೆಗೆ ಹುಲ್ಲು ಕೊಯ್ಯಬೇಕಾದೀತು!"

ಸಣ್ಣೀರಮ್ಮ ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಚುಕ್ಕಿ ಮೊಟ್ಟೆ ಇಟ್ಟದ್ದು ಹತ್ತೊಂಬತ್ತನೆಯ ದಿನ. ಅದನ್ನು ನೋಡಲು ದೊರೆ ಬರಿಗಾಲಲ್ಲಿ, ತುದಿಬೆರಳ ಮೇಲೆ, ಉಸಿರು ಬಿಗಿಹಿಡಿದು ಬಂದರು.