ಟಾರ್ಪಾಲು ಮತ್ತು ತೆಂಗಿನ ಗರಿ

ಮೊದಲೇ ಕ್ಷಮಿಸಿ, ನನಗೆ ಕಥೆ ಹೇಳಲು ಸರಿಯಾಗಿ ಬರುವುದಿಲ್ಲ. ನಾನು ರಬ್ಬಿ, ಅಂದರೆ ಯಹೂದಿಗಳ ಧರ್ಮಗುರು. ಪ್ರಾರ್ಥನೆ ಹೇಳಿ ಅಭ್ಯಾಸ, ಕಥೆ ಕಟ್ಟುತ್ತಿರುವುದು ಇದೇ ಮೊದಲು. ನಮ್ಮ ಸುಕ್ಕೋತ್ ಹಬ್ಬದಲ್ಲಿ ಏಳು ದಿನ ಅಂಗಳದ ಗುಡಿಸಲಲ್ಲಿ ಊಟ ಮಾಡುತ್ತೇವೆ. ಅದರ ಸೂರು ಸೊಪ್ಪುಗರಿಯದ್ದೇ ಆಗಿರಬೇಕು, ಸಂದಿಯಲ್ಲಿ ನಕ್ಷತ್ರ ಕಾಣಬೇಕು. ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ, ಅದಕ್ಕೇ ಹೇಳಿದೆ.

ಹಬ್ಬದ ಸಂಜೆ ಮೋಡ ಕವಿಯಿತು. ಮೂಲೆಯಲ್ಲಿ ಮಡಿಸಿಟ್ಟಿದ್ದ ಟಾರ್ಪಾಲು ಸೂರಿನ ತೆಂಗಿನ ಗರಿಗೆ ಹೇಳಿತು: "ಎಲೈ ಜರಡಿ, ಕೆಳಗಿಳಿ. ಒಂದು ಹನಿಯೂ ಬೀಳದಂತೆ ನಾನು ಕಾಯುತ್ತೇನೆ."

"ಇಳಿದರೆ ನನ್ನನ್ನು ಒಲೆಗೆ ಹಾಕುತ್ತಾರೆ," ಎಂದಿತು ಗರಿ. "ಆದರೂ ಇಳಿದೇನು. ಮೊದಲು ಇಷ್ಟು ಹೇಳು, ನಿನ್ನ ಕೆಳಗೆ ಮಲಗಿದವರು ಕಣ್ಣು ಬಿಟ್ಟರೆ ಏನು ಕಾಣುತ್ತದೆ?"

"ನಾನು ಕಾಣುತ್ತೇನೆ. ಸಾಲದೇ?"

ಅಷ್ಟರಲ್ಲಿ, ಹೋದ ತಿಂಗಳಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ನಮ್ಮ ಮನೆಯ ಸಿಪ್ಪೋರಾ ಅಜ್ಜಿ ಬಂದು ಚಾಪೆಯ ಮೇಲೆ ಮಲಗಿದರು. ಮೋಡ ಸರಿಯಿತು. ಗರಿಯ ಸಂದಿಯಲ್ಲಿ ಒಂದು ಚುಕ್ಕಿ ತೇಲಿ ಬಂದು ನಿಂತಿತು.

"ಸಿಕ್ಕಿದೆಯಾ ಕಳ್ಳೀ! ಮೂರು ವರ್ಷ ಎಲ್ಲಿ ಅಡಗಿದ್ದೆ?" ಎಂದು ಅಜ್ಜಿ ನಕ್ಕರು.

ಟಾರ್ಪಾಲು ಸದ್ದಿಲ್ಲದೆ ತನ್ನನ್ನು ತಾನೇ ಇನ್ನೊಂದು ಮಡಿಕೆ ಮಡಚಿಕೊಂಡಿತು.

ಇದರ ಅರ್ಥ ಏನೆಂದರೆ, ಸೂರು ಅಂದರೆ ರಕ್ಷಣೆ, ಅದು ಸರಿ. ಆದರೆ ತೂತು ಅಂದರೆ, ಅದನ್ನು ಹೇಗೆ ಹೇಳಲಿ, ತೂತು ಅಂದರೆ... ಇರಿ, ಹೆಂಡತಿ ಕರೆಯುತ್ತಿದ್ದಾಳೆ.

"ರೀ, ಬೇಗ ಬನ್ನಿ! ಮಳೆ ಶುರುವಾಯ್ತು, ಅಜ್ಜಿ ಗುಡಿಸಲು ಬಿಟ್ಟು ಏಳೋದೇ ಇಲ್ಲ ಅಂತಿದ್ದಾರೆ!"