ತೊಳೆದ ಕಲ್ಲಿನ ಗೆರೆ

“ಬುದ್ಧಿ, ಅವನೇ ಬಾಯಿಬಿಟ್ಟು ಒಪ್ಪಿಕೊಂಡ ಮೇಲೂ ಅವನನ್ನು ಕಳ್ಳ ಅನ್ನಬಾರದೇ?”

ಶಂಭುಲಿಂಗ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಮಠದ ಪೂಜೆಯ ಬೆಳ್ಳಿ ಗಿಂಡಿ ಕಾಣೆಯಾಗಿತ್ತು. ವಿಚಾರಿಸುವ ಹೊಣೆಯನ್ನು ಗುರುಗಳು ಈ ಶಿಷ್ಯನಿಗೆ ವಹಿಸಿದ್ದರು. ಅವನಿಗೆ ಅನುಮಾನ ಬಂದದ್ದು ಅಡುಗೆಯ ಮಾದಪ್ಪನ ಮೇಲೆ. ಕೂರಿಸಿ ಕೇಳಿದ, ನಿಲ್ಲಿಸಿ ಕೇಳಿದ, ಊಟಕ್ಕೆ ಏಳಲು ಬಿಡದೆ ಕೇಳಿದ. ಮೊದಮೊದಲು ಇಲ್ಲ ಎನ್ನುತ್ತಿದ್ದ ಮಾದಪ್ಪ ಕೊನೆಗೆ ಹೌದು, ನಾನೇ ಎಂದುಬಿಟ್ಟ. ಗಿಂಡಿ ಎಲ್ಲಿ ಎಂದರೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ. ಈಗ ಗುರುಗಳು ಹೂಂ ಎಂದರೆ ಸಾಕು, ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಠ ಬಿಟ್ಟು ಹೊರಡಬೇಕು.

ಗುರುಗಳು ಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವಿದ್ವಾಂಸನಿದ್ದ. ಹಳೆಯ ಕಾಲದ ಕಲ್ಲಿನ ಆಯುಧಗಳೆಂದರೆ ಅವನಿಗೆ ಊಟ ನಿದ್ದೆ ಬೇಡ. ಒಂದು ಹೊಳೆಯ ದಂಡೆಯಲ್ಲಿ ಅಗೆಸುವಾಗ ಅವನಿಗೆ ಬೆರಳುದ್ದದ ಕಲ್ಲಿನ ಅಲಗುಗಳು ಸಿಕ್ಕವು. ಇವುಗಳಿಂದ ಆ ಜನ ಏನು ಕೊಯ್ಯುತ್ತಿದ್ದರು? ಬೇಟೆಯ ಮಾಂಸವನ್ನೋ, ಬೆಳೆದ ಪೈರನ್ನೋ? ಅವನ ತಲೆಯ ತುಂಬ ಅದೇ ಪ್ರಶ್ನೆ. ಕೊಯ್ದೂ ಕೊಯ್ದೂ ಸವೆದ ಕಲ್ಲಿನ ಅಂಚಿನಲ್ಲಿ ಗುರುತು ಉಳಿದಿರುತ್ತದೆ. ಬರಿಗಣ್ಣಿಗೆ ಕಾಣದ್ದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಬಹಳ ಕಾಲ ಪೈರು ಕೊಯ್ದ ಅಲಗಾದರೆ ಅಂಚಿನುದ್ದಕ್ಕೂ ಹೊಳಪು ಬಂದಿರುತ್ತದೆ. ಆ ಹೊಳಪು ಕಂಡರೆ, ಈ ದಂಡೆಯಲ್ಲಿ ಮೊದಲು ಬೇಸಾಯ ಮಾಡಿದವರು ಇವರೇ ಎಂದು ಅವನು ಸಾರಬಹುದಿತ್ತು. ನಿಜ ಹೇಳಬೇಕೆಂದರೆ, ಅವನಿಗೆ ಬೇಕಾಗಿದ್ದದ್ದೂ ಅದೇ.

ಆದರೆ ಅಲಗುಗಳ ಮೇಲೆ ಮಣ್ಣು ಹಕ್ಕಳೆಗಟ್ಟಿತ್ತು. ನೀರಿನಲ್ಲಿ ನೆನೆಹಾಕಿ, ಅದು ತಾನಾಗಿ ಬಿಡುವವರೆಗೆ ಕಾಯುವಷ್ಟು ತಾಳ್ಮೆ ಪುಣ್ಯಾತ್ಮನಿಗಿರಲಿಲ್ಲ. ಅಷ್ಟನ್ನೂ ಆಮ್ಲದಲ್ಲಿ ಅದ್ದಿದ, ತಂತಿಯ ಬ್ರಷ್ಷಿನಿಂದ ಗಸಗಸ ಉಜ್ಜಿದ. ಆಮೇಲೆ ನೋಡುತ್ತಾನೆ, ಅಂಚಿನುದ್ದಕ್ಕೂ ಹೊಳಪು, ಸಾಲಾಗಿ ಗೆರೆಗಳು. ಯಾವ ಅಲಗನ್ನು ನೋಡಿದರೂ ಹಾಗೆಯೇ. ಹಿಗ್ಗಿ ಹೀರೇಕಾಯಿಯಾದ. ಬೇಸಾಯಗಾರರು ಸಿಕ್ಕಿದರು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ.

ಅವನಿಗೊಬ್ಬ ಗೆಳೆಯನಿದ್ದ. ಅವನೂ ಕಲ್ಲಿನ ಹುಚ್ಚಿನವನೇ. ಅವನು ಬಂದು ಎಲ್ಲವನ್ನೂ ನೋಡಿ, ಸುಮ್ಮನೆ ಕುತೂಹಲಕ್ಕೆ ಕೇಳಿದ: “ಇವತ್ತು ಒಡೆದ ಕಲ್ಲೊಂದನ್ನು ಹೀಗೇ ತೊಳೆದರೆ ಅದರಲ್ಲಿ ಏನು ಕಾಣುತ್ತೆ?”

“ಏನನ್ನೂ ಕೊಯ್ಯದ ಕಲ್ಲಲ್ಲಿ ಏನು ಕಾಣುತ್ತೆ ಮಾರಾಯ?” ಎಂದು ವಿದ್ವಾಂಸ ನಕ್ಕ.

ನಕ್ಕನೇ ಹೊರತು, ಆ ಮಾತು ಅವನ ತಲೆಯಲ್ಲಿ ಹುಳ ಬಿಟ್ಟಿತು. ಗೆಳೆಯ ಹೋದ ಮೇಲೆ ಅದೇ ಜಾತಿಯ ಕಲ್ಲು ತಂದು ಒಡೆದ. ಅದೇ ಆಮ್ಲ, ಅದೇ ಬ್ರಷ್ಷು, ಅದೇ ಕೈ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಅದೇ ಹೊಳಪು, ಅದೇ ಗೆರೆಗಳು.

ಆ ಜನ ಪೈರು ಕೊಯ್ದಿರಲೂಬಹುದು, ಕೊಯ್ಯದೆ ಇರಲೂಬಹುದು. ಅದನ್ನು ಹೇಳಬಹುದಾಗಿದ್ದ ಅಂಚನ್ನು ಅವನೇ ಉಜ್ಜಿ ಹಾಕಿದ್ದ. ಇಷ್ಟು ದಿನ ಅವನು ಓದಿ ಸಂಭ್ರಮಪಟ್ಟಿದ್ದು ತನ್ನ ಬ್ರಷ್ಷಿನ ಗೆರೆಯನ್ನು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಂಭುಲಿಂಗನಿಗೆ ಬಂದ ಕೆಲಸವೇ ಮರೆತುಹೋಗಿತ್ತು. ಮುಂದೇನಾಯಿತು ಎಂದು ತಿಳಿಯದೆ ಇರಲು ಅವನಿಂದ ಆಗಲಿಲ್ಲ. ತೊಳೆಯದ ಅಲಗು ಒಂದಾದರೂ ಉಳಿದಿತ್ತೇ ಎಂದು ಕೇಳಿದ. ಇಲ್ಲವೆಂದು ಗುರುಗಳು ತಲೆಯಾಡಿಸಿದರು. ಆಮೇಲೆ ಅವನನ್ನೇ ನೋಡುತ್ತ ಹೇಳಿದರು:

“ನಾಳೆ ಬೆಳಿಗ್ಗೆ ನೀನು ಬಂದು ಕೂತುಕೋ, ಮಾದಪ್ಪನನ್ನು ಕೇಳಿದ ಹಾಗೆಯೇ ನಿನ್ನನ್ನೂ ಕೇಳಿಸುತ್ತೇನೆ, ಗಿಂಡಿ ಕದ್ದವನು ನಾನೇ ಎಂದು ನೀನು ಎಷ್ಟು ಹೊತ್ತಿಗೆ ಹೇಳುತ್ತೀಯೋ ನೋಡೋಣ.”